ಹಳೇ ಕಾರಿನ ಧಬ್ ಧಬ್ ಶಬ್ದ ಎಣಿಸಿ ಹಿಡಿದ ಕಥೆ

ಶಬ್ದ ಹಿಡಿಯೋಕೆ ಕಿವಿ ಒಂದೇ ಸಾಲಲ್ಲ, ಎಣಿಸಬೇಕು ಅಂತ ನಾನು ಅಂದಾಗ ನಕ್ಕವರೇ ಜಾಸ್ತಿ. ಈಗ ಗಾಡಿ ತಣ್ಣಗೆ ಓಡ್ತಿದೆ, ಅದಕ್ಕೇ ಕೂತು ಬರೀತಿದ್ದೀನಿ.

ಗಾಡಿ ಹಳೇದು, ಫ್ರಂಟ್ ವೀಲ್ ಡ್ರೈವ್ (ಎಂಜಿನ್ ತಿರುಗಿಸೋದು ಮುಂದಿನ ಚಕ್ರಗಳನ್ನ ಮಾತ್ರ), 155/80 ಆರ್ 13 ಅಳತೆಯ ಟೈರು, ಓಡಿರೋದು ಹತ್ತಿರ ಹತ್ತಿರ ಒಂದೂವರೆ ಲಕ್ಷ ಕಿಲೋಮೀಟರ್. 15-20 ಸ್ಪೀಡಲ್ಲಿ ಧಬ್, ಧಬ್, ಧಬ್ ಅಂತ ಒಂದೇ ತಾಳ, 40ಕ್ಕೆ ಹೋದ್ರೆ ಧಬಧಬಧಬ, 60 ದಾಟಿದ್ರೆ ಎಲ್ಲ ಕಲಸಿಕೊಂಡು ಬರೀ ಗುಂಯ್. ಡ್ರೈವರ್ ಸೀಟಿನ ಕೆಳಗಿಂದ ಯಾರೋ ಗುದ್ದಿದಂಗೆ ಇರ್ತಿತ್ತು. ಪಕ್ಕದಲ್ಲಿ ಕೂತವರು ಮಾತ್ರ ಮುಂದೆ ಎಡಗಡೆಯಿಂದ ಬರ್ತಿದೆ ಅಂತಿದ್ರು. ಬಾಡಿಯ ತಗಡಿನಲ್ಲಿ ಶಬ್ದ ಎಲ್ಲಿಂದ ಎಲ್ಲಿಗೋ ಓಡಾಡುತ್ತೆ, ಅದನ್ನ ನಂಬ್ಕೊಂಡು ಸ್ಪ್ಯಾನರ್ ಹಿಡಿದ್ರೆ ದುಡ್ಡು ಹೋಗುತ್ತೆ ಅಷ್ಟೇ.

ಹೋಯ್ತು ಕೂಡ. ಮೊದಲು ನೋಡಿದವರು ಶಾಕ್ ಅಬ್ಸಾರ್ಬರ್ ಅಂದ್ರು, ಮುಂದಿನ ಜೋಡಿ, ಅದರ ಮೇಲಿನ ಮೌಂಟು ಎಲ್ಲ ಹೊಸದಾಯ್ತು. ಧಬ್ ಹಾಗೇ ಇತ್ತು. ಆಮೇಲೆ ಚಕ್ರನ ಬಾಡಿಗೆ ಹಿಡಿದಿಡೋ ಲೋಯರ್ ಆರ್ಮಿನ ರಬ್ಬರ್ ಬುಶ್, ಸಸ್ಪೆನ್ಷನ್ನಿನ ಲಿಂಕ್ ರಾಡ್. ಬುಶ್ ನಿಜವಾಗ್ಲೂ ಹರಿದಿತ್ತು, ಸುಳ್ಳು ಹೇಳ್ಬಾರ್ದು, ಹಳ್ಳಕ್ಕಿಳಿದಾಗ ಬರ್ತಿದ್ದ ಟಕ್ ಅನ್ನೋದು ಅದರಿಂದ ನಿಂತುಹೋಯ್ತು, ಆದ್ರೆ ಈ ಧಬ್ ಜಗ್ಗಲಿಲ್ಲ. ಆಮೇಲೆ ಎಂಜಿನ್ ಮೌಂಟು, ಆಮೇಲೆ ಹಿಂದಿನ ವೀಲ್ ಬೇರಿಂಗು. ಬೇರಿಂಗ್ ಹೋದ್ರೆ ಗೊರ್ ಅನ್ನುತ್ತೆ, ಧಬ್ ಅನ್ನಲ್ಲ ಅಂತ ನಾನು ಬಾಯಿ ಬಡ್ಕೊಂಡೆ, ಕೇಳೋರ್ ಯಾರು? ಶಾಕಿಗೆ, ಲೇಬರಿಗೆ ಹೋದ ದುಡ್ಡಲ್ಲೇ ನಾಲ್ಕು ಚಕ್ರಕ್ಕೂ ಹೊಸ ಟೈರ್ ಹಾಕಿಸಿ ಚಿಲ್ಲರೆ ಉಳಿಸಬಹುದಿತ್ತು. ಮಿಕ್ಕಿದ್ದೆಲ್ಲ ಅದರ ಮೇಲೆ.

ಇನ್ನೊಂದು ತಮಾಷೆ. ಒಂದು ಗ್ಯಾರೇಜಲ್ಲಿ ಗಾಡಿನ ಲಿಫ್ಟಿಗೆ ಹಾಕಿ, ಗೇರ್ ಕೊಟ್ಟು ಚಕ್ರ ತಿರುಗಿಸಿ, ನೋಡಿ ಸಾರ್ ಒಂಚೂರೂ ಶಬ್ದ ಇಲ್ಲ, ನಿಮ್ಮ ಭ್ರಮೆ ಅಂದ್ರು. ಲಿಫ್ಟ್ ಮೇಲೆ ಚಕ್ರಕ್ಕೆ ಭಾರ ಇಲ್ಲ, ನೆಲ ಇಲ್ಲ. ಅದೂ ಅಲ್ಲದೆ ಫ್ರಂಟ್ ವೀಲ್ ಡ್ರೈವ್ ಗಾಡಿಲಿ ಗೇರ್ ಹಾಕಿದ್ರೆ ಹಿಂದಿನ ಚಕ್ರ ಅಲ್ಲಾಡೋದೂ ಇಲ್ಲ!

ಅಲ್ಲಿಂದ ಬಂದು ನಾನೇ ಶುರು ಹಚ್ಕೊಂಡೆ. ಲೆಕ್ಕ ದೊಡ್ಡದೇನಿಲ್ಲ. ನನ್ನ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 20 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್, ಅಂದ್ರೆ ಚಕ್ರ ಸೆಕೆಂಡಿಗೆ ಮೂರು ಸುತ್ತು. ಹತ್ತು ಸೆಕೆಂಡಿಗೆ ಮೂವತ್ತು. ಖಾಲಿ ನುಣುಪು ರೋಡಲ್ಲಿ 20ಕ್ಕೆ ಹಿಡಿದು ಫೋನಲ್ಲಿ ರೆಕಾರ್ಡ್ ಮಾಡಿದೆ. ಸ್ಪೀಡನ್ನ ಜಿಪಿಎಸ್ಸಲ್ಲಿ ನೋಡಿ, ಹಳೇ ಗಾಡಿಯ ಸ್ಪೀಡೋಮೀಟರ್ ಮುಳ್ಳು ಸಾಮಾನ್ಯವಾಗಿ ಒಂದಿಷ್ಟು ಜಾಸ್ತಿನೇ ತೋರಿಸುತ್ತೆ. ಮನೇಲಿ ಆಡಿಯೋದ ಗೆರೆ ದೊಡ್ಡದು ಮಾಡಿ ನೋಡಿದ್ರೆ ಉಬ್ಬು ಉಬ್ಬಾಗಿ ಸಾಲಾಗಿ ಕಾಣುತ್ತೆ. ನನಗೆ ಬಂದಿದ್ದು ಹತ್ತು ಸೆಕೆಂಡಿಗೆ ಮೂವತ್ತು ಮೂವತ್ತೊಂದು. ಭಾರ ಕೂತಾಗ ಟೈರ್ ಸ್ವಲ್ಪ ಅಮುಕಿಕೊಳ್ಳೋದ್ರಿಂದ ಒಂದು ಜಾಸ್ತಿ ಬಂದೇ ಬರುತ್ತೆ. ಫೋನ್ ಎಲ್ಲಿ ಅಂಟಿಸಿದ್ದೆ ಅನ್ನೋದು ಮಾತ್ರ ಹೇಳಲ್ಲ, ಸೀಟ್ ಮೇಲಂತೂ ಅಲ್ಲ, ಅಲ್ಲಿಟ್ರೆ ಗಾಳಿ ಶಬ್ದನೇ ತುಂಬ್ಕೊಳ್ಳುತ್ತೆ.

ಚಕ್ರದ ಒಂದು ಸುತ್ತಿಗೆ ಒಂದು ಧಬ್. ಅಲ್ಲಿಗೆ ಶಾಕು, ಬುಶ್ಶು, ಲಿಂಕ್ ರಾಡು ಎಲ್ಲ ಲಿಸ್ಟಿಂದ ಔಟ್, ಅವು ಯಾವುವೂ ಸುತ್ತೋ ಸಾಮಾನಲ್ಲ, ನುಣುಪು ರೋಡಲ್ಲಿ ತಾಳ ಹಾಕೋಕೆ ಅವಕ್ಕೆ ಬರಲ್ಲ. ಅದೇ 20 ಸ್ಪೀಡಲ್ಲಿ ಸೆಕೆಂಡ್ ಗೇರಲ್ಲಿ ಒಮ್ಮೆ, ಥರ್ಡಲ್ಲಿ ಒಮ್ಮೆ ಎಣಿಸಿದೆ, ಎಣಿಕೆ ಬದಲಾಗಲಿಲ್ಲ, ಎಂಜಿನ್ನೂ ಮೌಂಟೂ ಔಟ್. ನ್ಯೂಟ್ರಲ್ಲಿಗೆ ಹಾಕಿ ಉರುಳೋಕೆ ಬಿಟ್ಟೆ, ಶಬ್ದದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ, ಹಾಗಾಗಿ ಎಂಜಿನ್ನಿನ ಶಕ್ತಿನ ಚಕ್ರಕ್ಕೆ ಮುಟ್ಟಿಸೋ ಡ್ರೈವ್ ಶಾಫ್ಟ್ ಮೇಲಿನ ಅನುಮಾನನೂ ಕಮ್ಮಿ ಆಯ್ತು. ಬ್ರೇಕ್ ಮೆಲ್ಲಗೆ ಒತ್ತಿದ್ರೂ ಅದೇ. ಉಳಿದಿದ್ದು ಟೈರು, ರಿಮ್ಮು, ಚಕ್ರ ಕೂರೋ ಹಬ್ಬು.

ಟೈರ್ ಅಂದ ತಕ್ಷಣ ಎಲ್ಲರದ್ದೂ ಒಂದೇ ರಾಗ, ಬ್ಯಾಲೆನ್ಸಿಂಗ್ ಮಾಡ್ಸಿದೀರಲ್ಲ, ಮಿಷಿನ್ನಲ್ಲಿ ಸೊನ್ನೆ ಬಂದಿದೆಯಲ್ಲ ಅಂತ. ಸ್ವಾಮಿ, ಆ ಮಿಷಿನ್ ನೋಡೋದು ತೂಕ, ಆಕಾರ ಅಲ್ಲ. ಟೈರ್ ಮೊಟ್ಟೆ ಆಕಾರ ಇದ್ರೂ ತೂಕ ಸಮ ಇದ್ರೆ ಅದು ಸೊನ್ನೆ ತೋರಿಸಿ ಸುಮ್ಮನಾಗುತ್ತೆ.

ಇಲ್ಲಿ ಒಂದು ಸೈಡ್ ಪ್ರಯೋಗ. ಒಂದೊಂದೇ ಟೈರಿಗೆ ಗಾಳಿ 30 ಇದ್ದಿದ್ದನ್ನ 38ರ ತನಕ ಏರಿಸಿ ಓಡಿಸಿದೆ, ಟೈರಿನ ಪಕ್ಕದಲ್ಲಿ ಬರೆದಿರೋ ಗರಿಷ್ಠಕ್ಕಿಂತ ಕಮ್ಮಿನೇ. ಹಿಂದಿನ ಬಲಗಡೇದಕ್ಕೆ ಏರಿಸಿದಾಗ ಮಾತ್ರ ಧಬ್ ಅನ್ನೋದು ಟಪ್ ಅಂತ ಗಟ್ಟಿಯಾಯ್ತು. ಬಿಸಿಯದ್ದೂ ನೋಡಿದೆ. ತುಂಬಾ ದಿನ ನಿಂತ ಗಾಡಿಯ ಟೈರ್ ತಳ ಚಪ್ಪಟೆಯಾಗಿ ಹೀಗೇ ಬಡಿಯೋದು ಉಂಟು, ಆದ್ರೆ ಅದು ಸ್ವಲ್ಪ ದೂರ ಓಡಿ ಬಿಸಿಯಾದ್ರೆ ಸಾಮಾನ್ಯವಾಗಿ ಹೋಗುತ್ತೆ. ನಂದು ಓಡಿದಷ್ಟೂ ಜಾಸ್ತಿ ಆಗ್ತಿತ್ತು.

ಆಮೇಲೆ ಹಿಂದಿನ ಎರಡನ್ನ ಮುಂದಕ್ಕೆ, ಮುಂದಿನ ಎರಡನ್ನ ಹಿಂದಕ್ಕೆ ಹಾಕಿದೆ. ಧಬ್ ನೇರ ಸ್ಟೇರಿಂಗಿಗೆ ಬಂತು, ಕೈಗೇ ಗೊತ್ತಾಗೋ ಹಾಗೆ. ಆ ಬಲಗಡೇದನ್ನ ತೆಗೆದು ಸ್ಟೆಪ್ನಿ ಹಾಕಿದ್ರೆ ಪೂರ್ತಿ ಮಾಯ. ಹಬ್ಬೂ ಬಚಾವ್. ಇಷ್ಟಕ್ಕೆ ಖರ್ಚಾಗಿದ್ದು ನನ್ನ ಬೆವರು ಒಂದೇ.

ಆ ಚಕ್ರನ ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಒಂದು ಇಟ್ಟಿಗೆ ಮೇಲೆ ಸ್ಕ್ರೂಡ್ರೈವರ್ ಮಲಗಿಸಿ ಅದರ ತುದಿ ಟೈರಿನ ಮೈಗೆ ತಾಗೀತು ತಾಗದು ಅನ್ನೋ ಹಾಗಿಟ್ಟು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಮುಕ್ಕಾಲು ಸುತ್ತು ಸಂದು ಒಂದೇ ಸಮ ಇತ್ತು, ಆಮೇಲೆ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ರಬ್ಬರು ಎದ್ದು ಬಂದು ಸ್ಕ್ರೂಡ್ರೈವರನ್ನ ಸರ್ ಅಂತ ಹಿಂದಕ್ಕೆ ತಳ್ತು. ನಾಲ್ಕೈದು ಮಿಲಿಮೀಟರ್ ಇರಬಹುದು. ಅದೂ ಗಾಡಿಯ ಒಳಮೈ ಕಡೆಯ ಅಂಚಲ್ಲಿ, ನಿಂತು ನೋಡಿದ್ರೆ ಜನ್ಮದಲ್ಲಿ ಕಾಣಲ್ಲ. ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಆ ಲಿಫ್ಟಿನವರಿಗೆ ಕಳಿಸಿದೆ, ಬರೀ ಹೆಬ್ಬೆರಳು ಬಂತು ವಾಪಸ್.

ಟ್ರೆಡ್, ಅಂದ್ರೆ ಟೈರಿನ ಮೈಮೇಲಿನ ಗೆರೆಗಳ ಆಳ, ಇನ್ನೂ ಐದು ಮಿಲಿಮೀಟರ್ ಹತ್ತಿರ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಆದ್ರೆ ಟೈರಿನ ಪಕ್ಕದ ನಾಲ್ಕು ಅಂಕಿ ಓದಬೇಕು, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಅಂದ್ರೆ 2014ರ 23ನೇ ವಾರ. ಮುಂದಿನ ಜೋಡಿ ಸವೆದು ಬದಲಾಗಿತ್ತು, ಹಿಂದಿನವು ಸವೆಯದೆ ಹಾಗೇ ಹಳತಾಗಿದ್ವು.

ಕುತೂಹಲ ತಡೀಲಾರದೆ ಆ ಟೈರನ್ನ ಕುಯ್ದೂ ನೋಡಿದೆ. ಗ್ರೈಂಡರಲ್ಲಿ ಕುಯ್ಯುವಾಗ ರಬ್ಬರ್ ಹೊಗೆ ತಲೆ ತಿರುಗಿಸುತ್ತೆ, ಯಾರೂ ಮನೆ ಒಳಗೆ ಮಾಡ್ಬೇಡಿ. ಉಬ್ಬಿದ ಕಡೆ ಉಕ್ಕಿನ ತಂತಿಯ ಪದರ ರಬ್ಬರಿಂದ ಪೂರ್ತಿ ಬಿಟ್ಕೊಂಡಿತ್ತು, ಸಂದಿನಲ್ಲಿ ಬೆರಳೇ ಹೋಗ್ತಿತ್ತು, ತಂತಿ ಕೆಂಪಗೆ ತುಕ್ಕು. ಬೇರೆ ಕಡೆ ಇಕ್ಕಳದಲ್ಲಿ ಎಳೆದ್ರೂ ಬರ್ತಿರಲಿಲ್ಲ. ಈ ಸ್ಥಿತಿಯ ಟೈರ್ 80-100ರಲ್ಲಿ ಓಡುವಾಗ ಮೇಲಿನ ಪದರ ಪೂರ್ತಿ ಕಿತ್ತು ಹೋಗೋದು ಉಂಟು, ಹಾಗಾಗಿ ನಿಮ್ಮದರಲ್ಲಿ ಇಂಥ ಉಬ್ಬು ಕಂಡ್ರೆ ಟೈರ್ ಅಂಗಡಿ ತನಕನೂ ಸ್ಟೆಪ್ನಿಲೇ ಹೋಗಿ.

ಹಿಂದಿನ ಜೋಡಿ ಹೊಸದು ಹಾಕ್ಸಿದೆ. ಶಾಕಿಗೆ ಕೊಟ್ಟಿದ್ದರ ಅರ್ಧನೂ ಆಗಲಿಲ್ಲ. ಈಗ ಫುಲ್ ಕಟ್ ಹೊಡೆದು ರಿವರ್ಸ್ ತಗೊಂಡ್ರೆ ಒಂದು ಸಣ್ಣ ಟಕ್ ಕೇಳ್ತಿದೆ, ಸುತ್ತಿನ ಲೆಕ್ಕಕ್ಕೆ ಸಿಗೋ ಜಾತಿ ಅಲ್ಲ ಅದು. ಅದಕ್ಕೆ ಬೇರೆ ಉಪಾಯ ಇದೆ, ಫೋನ್ ಈಗಾಗ್ಲೇ ಚಾರ್ಜಿಗೆ ಹಾಕಿದೀನಿ.