ಕರೆಂಟ್ ಹೋದಾಗ ಸೋಲಾರ್ ಯುಪಿಎಸ್ ಕೈಕೊಟ್ಟರೆ: ಹೊಸ ಬ್ಯಾಟರಿ ತರುವ ಮುಂಚೆ ಇಷ್ಟು ನೋಡಿ

ಜೂನ್ ಬಂತೆಂದರೆ ಮಲೆನಾಡಿನಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ. ಲೈನಿನ ಮೇಲೆ ಎಲ್ಲೋ ಒಂದು ಮರ ಬಿದ್ದರೂ ಸಾಕು, ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರದ ಕಡೆಯ ಒಂಟಿ ಮನೆಗಳಿಗೆ ಎರಡು ಮೂರು ದಿನ ಕತ್ತಲೆ. ಅದಕ್ಕೇ ಈಗ ಮಾಡಿನ ಮೇಲೆ ಎರಡು ಪ್ಯಾನೆಲ್, ಮೂಲೆಯಲ್ಲಿ ಒಂದು ದೊಡ್ಡ ಬ್ಯಾಟರಿ ಇಟ್ಟುಕೊಂಡವರು ಜಾಸ್ತಿ. ಆದರೆ ಬೇಕಾದ ಹೊತ್ತಿಗೇ ಅದು ಅರ್ಧ ಗಂಟೆ ಉರಿದು, ಬೀಪ್ ಬೀಪ್ ಎಂದು ಕೂಗಿ ಆರಿಹೋಗುತ್ತದೆ.

ರಿಪೇರಿಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಬ್ಯಾಟರಿ ಹೋಗಿದೆ, ಬದಲಾಯಿಸಿ." 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಟ್ಯೂಬುಲರ್, ಅಂದರೆ ಆಗಾಗ ನೀರು ತುಂಬಿಸುವ ದೊಡ್ಡ ಬ್ಯಾಟರಿ ಎಂದರೆ ಹದಿನೈದು ಸಾವಿರದ ಆಸುಪಾಸು. ಎಷ್ಟೋ ಸಲ ಆ ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಅದಕ್ಕೆ ಸರಿಯಾಗಿ ಚಾರ್ಜ್ ಸಿಕ್ಕಿರುವುದಿಲ್ಲ, ಅಷ್ಟೇ. ಹಾಗೆ ಅರೆಹೊಟ್ಟೆಯಲ್ಲೇ ದುಡಿಸಿದರೆ ಹೊಸ ಬ್ಯಾಟರಿಯೂ ಒಂದೆರಡು ವರ್ಷದಲ್ಲಿ ಹಾಳಾಗುತ್ತದೆ. ಆದ್ದರಿಂದ ಬ್ಯಾಟರಿಯ ಮೇಲೆ ತಪ್ಪು ಹೊರಿಸುವುದು ಕೊನೆಯ ಹಂತವಾಗಲಿ.

ಮೊದಲು, ನಿಮ್ಮದು ಯಾವ ಸೋಲಾರ್?

ಮನೆಯಲ್ಲಿ ಬ್ಯಾಟರಿಯೇ ಇಲ್ಲದೆ, ಪ್ಯಾನೆಲ್ ನೇರವಾಗಿ ಮೆಸ್ಕಾಂ, ಬೆಸ್ಕಾಂ ಲೈನಿಗೆ ಸೇರಿದ್ದರೆ ಅದು ಆನ್‌ಗ್ರಿಡ್. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹೆಚ್ಚಾಗಿ ಹಾಕಿಸಿಕೊಂಡದ್ದು ಇದನ್ನೇ. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ಬಿಲ್ ಇಳಿಯುತ್ತದೆ. ಕರೆಂಟ್ ಹೋದರೆ ಮಾತ್ರ, ಎಷ್ಟೇ ಬಿಸಿಲಿರಲಿ, ಇದೂ ನಿಲ್ಲುತ್ತದೆ. ಇದು ಕೆಟ್ಟಿರುವುದಲ್ಲ, ಬೇಕೆಂದೇ ಹೀಗೆ ಮಾಡಿದ್ದು. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹೊಡೆಯಬಾರದು, ಅಲ್ವಾ? ಕರೆಂಟ್ ಇಲ್ಲದಾಗಲೂ ದೀಪ ಉರಿಯಬೇಕೆಂದರೆ ಬ್ಯಾಟರಿ ಇರುವ ಆಫ್‌ಗ್ರಿಡ್ ಅಥವಾ ಹೈಬ್ರಿಡ್ ವ್ಯವಸ್ಥೆಯೇ ಬೇಕು. ಮುಂದೆ ಹೇಳುವುದೆಲ್ಲ ಬ್ಯಾಟರಿ ಇದ್ದವರಿಗೆ.

ಲೋಡ್ ಲೆಕ್ಕ ಹಾಕಿ

12 ವೋಲ್ಟ್, 150 ಎಎಚ್ ಬ್ಯಾಟರಿ ಎಂದರೆ ಲೆಕ್ಕಕ್ಕೆ 1,800 ವ್ಯಾಟ್-ಅವರ್, ಅಂದರೆ ಎರಡು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಇಷ್ಟೂ ಕೈಗೆ ಸಿಗುವುದಿಲ್ಲ. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರ್ (ಯುಪಿಎಸ್ ಎನ್ನುವುದೂ ಇದನ್ನೇ) ತಾನೂ ಒಂದಷ್ಟು ತಿನ್ನುತ್ತದೆ. ಹೊಸ ಬ್ಯಾಟರಿಯಲ್ಲೂ ಒಂದು ಯೂನಿಟ್‌ಗಿಂತ ತುಸು ಹೆಚ್ಚು ಸಿಗುತ್ತದೆ ಎಂದು ಹಿಡಿಯಿರಿ.

ಈಗ ಮನೆಯ ಪಟ್ಟಿ ಮಾಡಿ. ಎಲ್‌ಇಡಿ ಬಲ್ಬ್ 9 ವ್ಯಾಟ್. ಹಳೆಯ ಸೀಲಿಂಗ್ ಫ್ಯಾನ್ 75, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಆದರೆ 30ರ ಆಸುಪಾಸು. ವೈಫೈ ಡಬ್ಬಿ 10. ನಾಲ್ಕು ಬಲ್ಬ್, ಎರಡು ಹಳೆಯ ಫ್ಯಾನ್, ವೈಫೈ, ಒಂದು ಟಿವಿ ಸೇರಿದರೆ 250 ವ್ಯಾಟ್ ಆಯಿತು. ನಾಲ್ಕೈದು ಗಂಟೆ ಬಂದರೆ ಅದೇ ಸರಿಯಾದ ಲೆಕ್ಕ. ಇಡೀ ರಾತ್ರಿ ಬರಲಿಲ್ಲ ಎಂದು ದೂರಿ ಪ್ರಯೋಜನವಿಲ್ಲ.

ಕರೆಂಟ್ ಹೋದ ಕ್ಷಣವೇ ಓವರ್‌ಲೋಡ್ ಎಂದು ತೋರಿಸಿ ಆರಿಹೋದರೆ ಮೋಟಾರ್ ಇರುವ ಸಾಮಾನು ಹುಡುಕಿ. ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ನೂರಿನ್ನೂರು ವ್ಯಾಟ್ ತಿಂದರೂ ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮಿಕ್ಸಿ, ಬಾವಿಯ ಪಂಪು ಕೂಡ ಹೀಗೆಯೇ. 900 ವಿಎ ಎಂದು ಬರೆದ ಇನ್ವರ್ಟರ್ ಕೊಡುವುದು ಏಳುನೂರು ವ್ಯಾಟ್ ಚಿಲ್ಲರೆ ಮಾತ್ರ. ಹೊಸ ಕೋಣೆ ಕಟ್ಟಿಸಿದಾಗ ಎಲೆಕ್ಟ್ರಿಷಿಯನ್ ಯಾವುದೋ ಪವರ್ ಪ್ಲಗ್ಗನ್ನು ಯುಪಿಎಸ್ ಲೈನಿಗೇ ಸೇರಿಸಿರುವುದೂ ಉಂಟು. ಮೇನ್ ಸ್ವಿಚ್ ಆಫ್ ಮಾಡಿ, ಯಾವ್ಯಾವ ಪ್ಲಗ್ ಜೀವಂತ ಇದೆ ಎಂದು ಒಮ್ಮೆ ಮನೆಯೆಲ್ಲ ಸುತ್ತಿ ನೋಡಿ.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ: ಒಂದು ಬಲ್ಬೂ ಉರಿಯದಿದ್ದರೂ ಇನ್ವರ್ಟರ್ ಆನ್ ಇದ್ದರೆ ತನ್ನ ಪಾಡಿಗೆ 15-20 ವ್ಯಾಟ್ ತಿನ್ನುತ್ತಿರುತ್ತದೆ. 15 ವ್ಯಾಟ್ ಎಂದರೂ 24 ಗಂಟೆಗೆ 360 ವ್ಯಾಟ್-ಅವರ್. ಬ್ಯಾಟರಿಯ ಐದರಲ್ಲೊಂದು ಪಾಲು ಸುಮ್ನೆ ಹೋಯಿತು! ಎರಡು ಮೂರು ದಿನ ಕರೆಂಟ್ ಬರುವುದಿಲ್ಲ ಎಂದು ಗೊತ್ತಾದಾಗ, ಎಲ್ಲರೂ ಮಲಗಿದ ಮೇಲೆ ಇನ್ವರ್ಟರಿನ ಮುಂದಿನ ಸ್ವಿಚ್ ಆಫ್ ಮಾಡಿ, ಟಾರ್ಚ್ ಪಕ್ಕದಲ್ಲಿಟ್ಟುಕೊಳ್ಳುವುದೇ ಜಾಣತನ.

ಕರೆಂಟ್ ಇದ್ದಾಗಲೇ ಬ್ಯಾಟರಿ ಖಾಲಿಯಾಗುತ್ತಿದೆಯೇ?

ಹಳ್ಳಿಗಳಲ್ಲಿ ಇದು ತುಂಬಾ ಸಾಮಾನ್ಯ. ಟಿಸಿ (ಟ್ರಾನ್ಸ್‌ಫಾರ್ಮರ್) ದೂರ, ಸಂಜೆ ಎಲ್ಲರ ಮನೆಯಲ್ಲೂ ಲೋಡ್. ಕರೆಂಟ್ ಇದೆ, ಆದರೆ ವೋಲ್ಟೇಜ್ 160-170. ಇನ್ವರ್ಟರಿನ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಎಂಬ ಆಯ್ಕೆ ಇರುತ್ತದೆ. ಅದರಲ್ಲಿಟ್ಟರೆ ಸುಮಾರು 180 ವೋಲ್ಟ್‌ಗಿಂತ ಕೆಳಗಿನ ಕರೆಂಟನ್ನು ಅದು ಒಳಗೇ ಬಿಡುವುದಿಲ್ಲ, ಬ್ಯಾಟರಿಯಿಂದಲೇ ಮನೆಗೆ ಕರೆಂಟ್ ಕೊಡತೊಡಗುತ್ತದೆ. ನೀವು ಕರೆಂಟ್ ಇದೆ ಎಂದುಕೊಂಡು ಟಿವಿ ನೋಡುತ್ತಿರುತ್ತೀರಿ, ಬ್ಯಾಟರಿ ಇಳಿಯುತ್ತಿರುತ್ತದೆ. ಎಂಟು ಗಂಟೆಗೆ ನಿಜವಾಗಿ ಕರೆಂಟ್ ಹೋದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್ ಇಲ್ಲದ ಮನೆಯಾದರೆ ಆ ಸ್ವಿಚ್ಚನ್ನು ಇನ್ನೊಂದು ಕಡೆಗೆ, ಅಂದರೆ ವೈಡ್ ಅಥವಾ ಎಕೋ ಅಥವಾ ನಾರ್ಮಲ್ ಎಂದು ಬರೆದ ಕಡೆಗೆ ಹಾಕಿ. ಆಗ ಕಡಿಮೆ ವೋಲ್ಟೇಜಿನಲ್ಲೂ ಚಾರ್ಜ್ ಆಗುತ್ತದೆ. ಒಂದು ತೊಡಕು: ಆ ಇಳಿದ ವೋಲ್ಟೇಜೇ ಮನೆಯ ಸಾಮಾನಿಗೂ ಹೋಗುತ್ತದೆ. ಅದರಿಂದ ಫ್ರಿಜ್ಜಿಗೆ ಸ್ಟೆಬಿಲೈಸರ್ ಇರಲಿ. ವೋಲ್ಟೇಜ್ ಪ್ರತಿದಿನ ಹೀಗೇ ಇದ್ದರೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ.

ಟರ್ಮಿನಲ್ ಮತ್ತು ನೀರು

ಬ್ಯಾಟರಿ ಮುಟ್ಟುವ ಮುಂಚೆ ಇನ್ವರ್ಟರ್ ಆಫ್, ಅದರ ಮೇನ್ ಪ್ಲಗ್ ಆಫ್, ಪ್ಯಾನೆಲ್ಲಿನ ಸ್ವಿಚ್ ಆಫ್. ಉಂಗುರ, ಬಳೆ, ಸರ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಎರಡು ಟರ್ಮಿನಲ್ ನಡುವೆ ಒಂದು ಸ್ಪಾನರ್ ಬಿದ್ದರೆ ಕೆಂಪಗೆ ಕಾದು ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಹೊರಬರುವ ಗ್ಯಾಸಿಗೆ ಬೆಂಕಿ ತಗುಲಿದರೆ ಸಿಡಿಯುತ್ತದೆ. ದೇವರ ದೀಪ, ಊದುಬತ್ತಿ ಪಕ್ಕದಲ್ಲಿ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇರಲಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದೆಯೇ? ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು, ಮುಚ್ಚಳ ಬಿಗಿಯಾಗಿರಲಿ. ಒರೆಸಿ ಒಣಗಿಸಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಸಡಿಲ ಟರ್ಮಿನಲ್ ಎಂದರೆ ಸಣ್ಣ ವಿಷಯವಲ್ಲ. 600 ವ್ಯಾಟ್ ಲೋಡಿಗೆ ಆ ವೈರಿನಲ್ಲಿ 50 ಆಂಪಿಯರ್‌ಗಿಂತ ಹೆಚ್ಚು ಹರಿಯುತ್ತದೆ. ಲೋಡ್ ಹಾಕಿ ಹತ್ತು ನಿಮಿಷ ಬಿಟ್ಟು, ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೆಲ್ಲಗೆ ಮುಟ್ಟಿ ನೋಡಿ. ಒಂದು ತುದಿ ಬಿಸಿಯಾಗಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ನೀರು ಎಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು, ಬೋರ್‌ವೆಲ್ ನೀರು, ಕುಡಿಯುವ ಫಿಲ್ಟರ್ ನೀರು ಯಾವುದೂ ಆಗುವುದಿಲ್ಲ. ಆ್ಯಸಿಡ್ ಅಂತೂ ಹಾಕಲೇಬಾರದು, ಆವಿಯಾಗಿ ಹೋಗುವುದು ನೀರು, ಆ್ಯಸಿಡ್ ಅಲ್ಲ. ಫ್ಲೋಟಿನ ಕಡ್ಡಿ ಹಸಿರು ಗೆರೆ ದಾಟದಂತೆ ತುಂಬಿ.

ಮಲ್ಟಿಮೀಟರ್ ಹಿಡಿಯಿರಿ

ಇಲ್ಲಿಯವರೆಗೂ ತಪ್ಪು ಸಿಗದಿದ್ದರೆ ಅಳೆಯಲೇಬೇಕು. ವೋಲ್ಟ್ ಅಳೆಯುವ ಮಲ್ಟಿಮೀಟರ್, ಬ್ಯಾಟರಿಯೊಳಗಿನ ಆ್ಯಸಿಡ್ ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಎರಡೂ ಸೇರಿ ಕೆಲವು ನೂರು ರೂಪಾಯಿ.

ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ಎಲ್ಲ ಆಫ್ ಮಾಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಟರ್ಮಿನಲ್ಲಿನಲ್ಲಿ 12.5 ವೋಲ್ಟ್ ಅಥವಾ ಹೆಚ್ಚಿದ್ದರೆ ಒಳ್ಳೆಯದು. 12.1ರ ಹತ್ತಿರ ಇದ್ದರೆ ಅರ್ಧ ಖಾಲಿ. 10.5ರ ಆಸುಪಾಸಿನಲ್ಲೇ ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಸತ್ತಿರುವ ಲಕ್ಷಣ. ಇನ್ನು, ಸುಮ್ಮನಿದ್ದಾಗ 12.6 ತೋರಿಸಿ, ಎರಡು ಫ್ಯಾನ್ ಹಾಕಿದ ಕೂಡಲೇ 11ಕ್ಕೆ ಬಿದ್ದರೆ ಆ ಬ್ಯಾಟರಿಯಲ್ಲಿ ತ್ರಾಣವಿಲ್ಲ. ಆದರೆ ಅಳತೆಯ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಇಡಿ, ವೈರಿನ ತುದಿಗೆ ಇಡಬೇಡಿ. ಎರಡರ ನಡುವೆ ವ್ಯತ್ಯಾಸ ಕಂಡರೆ ತಪ್ಪು ಜೋಡಣೆಯದು.

ಹೈಡ್ರೋಮೀಟರಿನಲ್ಲಿ ಆರೂ ಸೆಲ್ ನೋಡಿ. ಟ್ಯೂಬುಲರ್ ಬ್ಯಾಟರಿ ತುಂಬಿದಾಗ ಸಾಮಾನ್ಯವಾಗಿ 1.240ರ ಆಸುಪಾಸು ಇರುತ್ತದೆ. ಎಲ್ಲ ಸೆಲ್‌ಗಳೂ ಒಂದೇ ಸಮ 1.180 ಇದ್ದರೆ ಬೇಸರ ಬೇಡ, ಅದಕ್ಕೆ ಚಾರ್ಜ್ ಸಾಕಾಗಿಲ್ಲ ಎಂದಷ್ಟೇ ಅರ್ಥ. ಐದು ಸೆಲ್ 1.230, ಒಂದು ಮಾತ್ರ 1.150 ಇದ್ದು, ಒಂದು ದಿನ ಪೂರ್ತಿ ಚಾರ್ಜ್ ಮಾಡಿದರೂ ಏಳದಿದ್ದರೆ ಆಗ ಒಪ್ಪಿಕೊಳ್ಳಿ, ಬ್ಯಾಟರಿ ಹೋಗಿದೆ. ವಾರಂಟಿ ಇದ್ದರೆ ಈ ಅಳತೆಗಳನ್ನೇ ಬರೆದು ಅಂಗಡಿಯವರ ಮುಂದಿಡಿ.

ಪ್ಯಾನೆಲ್ ಕಡೆ ನೋಡೋಣ

ಮಧ್ಯಾಹ್ನ ಒಳ್ಳೆಯ ಬಿಸಿಲಿಗೆ ಬ್ಯಾಟರಿಯ ಮೇಲೆ ವೋಲ್ಟೇಜ್ ಏರುತ್ತಾ 13.5 ದಾಟಿ 14ರ ಕಡೆ ಹೋಗಬೇಕು. ಬೆಳಗಿನಿಂದ 12.5ರಲ್ಲೇ ಇದ್ದರೆ ಬಿಸಿಲು ಬ್ಯಾಟರಿಗೆ ತಲುಪುತ್ತಿಲ್ಲ. ಒಂದು ಅಡಿಕೆ ಸೋಗೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ನಷ್ಟ ಆ ಮೂಲೆಗಷ್ಟೇ ನಿಲ್ಲುವುದಿಲ್ಲ. ಸೆಲ್‌ಗಳು ಸಾಲಾಗಿ ಒಂದಕ್ಕೊಂದು ಸೇರಿರುವುದರಿಂದ ಇಡೀ ಸಾಲು ಕುಗ್ಗುತ್ತದೆ. ಪ್ಯಾನೆಲ್ ಹಾಕಿದಾಗ ಗಿಡವಾಗಿದ್ದದ್ದು ಐದು ವರ್ಷದಲ್ಲಿ ಮರವಾಗಿರುತ್ತದೆ! ಮಳೆಗಾಲದಲ್ಲಿ ಕೆಳ ಅಂಚಿಗೆ ಪಾಚಿ ಕಟ್ಟುತ್ತದೆ, ಬೆಳಿಗ್ಗೆ ತಂಪಿರುವಾಗ ಬಟ್ಟೆಯಿಂದ ಒರೆಸಿ. ಬಿಸಿಲಿರುವಾಗ ಪ್ಯಾನೆಲ್ ವೈರಿನ ಕನೆಕ್ಟರ್ ಎಳೆದು ಬಿಚ್ಚಬೇಡಿ, ಕಿಡಿ ನಿಲ್ಲುವುದಿಲ್ಲ.

ಇನ್ನೊಂದು ತಪ್ಪು ಈಚೆಗೆ ಜಾಸ್ತಿ ಕಾಣುತ್ತದೆ. ಅಗ್ಗದ 12 ವೋಲ್ಟ್ ಇನ್ವರ್ಟರುಗಳ ಒಳಗೆ ಪಿಡಬ್ಲ್ಯುಎಂ ಎಂಬ ಸರಳ ಬಗೆಯ ಚಾರ್ಜರ್ ಇರುತ್ತದೆ. ಅದಕ್ಕೆ 36 ಸೆಲ್ಲಿನ ಹಳೆಯ ಮಾದರಿ ಪ್ಯಾನೆಲ್ ಸರಿ. ಆದರೆ ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 540 ವ್ಯಾಟಿನ ದೊಡ್ಡ ಪ್ಯಾನೆಲ್, ಅದರ ವೋಲ್ಟೇಜ್ 40ರ ಮೇಲೆ. ಈ ಚಾರ್ಜರ್ ಅದನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಅರ್ಧಕ್ಕಿಂತ ಹೆಚ್ಚು ವ್ಯರ್ಥ ಮಾಡುತ್ತದೆ, ಕೆಲವು ಸುಟ್ಟೇ ಹೋಗುತ್ತವೆ. ದೊಡ್ಡ ಪ್ಯಾನೆಲ್ ಇದ್ದರೆ, ಆ ಹೆಚ್ಚಿನ ವೋಲ್ಟೇಜನ್ನು ವ್ಯರ್ಥ ಮಾಡದೆ ಬಳಸಿಕೊಳ್ಳುವ ಎಂಪಿಪಿಟಿ ಚಾರ್ಜರ್ ಬೇಕು. ಇನ್ವರ್ಟರಿನ ಮೈಮೇಲೆ ಪ್ಯಾನೆಲ್ ಎಷ್ಟು ವೋಲ್ಟ್ ಮೀರಬಾರದು ಎಂದು ಬರೆದಿರುತ್ತದೆ, ಪ್ಯಾನೆಲ್ ಹಿಂದಿನ ಚೀಟಿಯ ಜೊತೆ ತಾಳೆ ನೋಡಿ.

ಎಲ್ಲ ಸರಿ ಇದ್ದರೂ ಜಡಿಮಳೆಯಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಒಳ್ಳೆಯ ಬಿಸಿಲಿಗೆ 330 ವ್ಯಾಟ್ ಪ್ಯಾನೆಲ್ ದಿನಕ್ಕೆ ಒಂದೂಕಾಲು ಯೂನಿಟ್ ಕೊಟ್ಟರೆ, ಮೋಡ ಕವಿದ ಜುಲೈಯಲ್ಲಿ ಅದರ ಕಾಲು ಭಾಗವೂ ಕಷ್ಟ. ಅಂಥ ದಿನ ಎರಡು ಬಲ್ಬ್, ಫೋನ್ ಚಾರ್ಜಿಂಗ್, ಅರ್ಧ ತಾಸು ವೈಫೈ, ಇಷ್ಟೇ.

ಲಿಥಿಯಂ ಆದರೆ

ಮೇಲಿನ ವೋಲ್ಟೇಜ್ ಲೆಕ್ಕ ಲಿಥಿಯಂಗೆ ನಡೆಯುವುದಿಲ್ಲ. ಅದು ಬಹುಪಾಲು ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ಇದ್ದು ಆಮೇಲೆ ದಿಢೀರನೆ ಬೀಳುತ್ತದೆ. ಮೀಟರ್ ಸೊನ್ನೆ ತೋರಿಸಿದರೆ ಗಾಬರಿ ಬೇಡ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ರಕ್ಷಣೆಗಾಗಿ ಬಾಗಿಲು ಹಾಕಿರುತ್ತದೆ, ಚಾರ್ಜ್ ಸಿಕ್ಕರೆ ಸಾಮಾನ್ಯವಾಗಿ ಏಳುತ್ತದೆ. ಇನ್ವರ್ಟರ್ ಸೆಟ್ಟಿಂಗ್ ಟ್ಯೂಬುಲರ್‌ನಲ್ಲೇ ಉಳಿದಿದ್ದರೆ ಮಾತ್ರ ಕೂಡಲೇ ಲಿಥಿಯಂಗೆ ಬದಲಿಸಿ.

ಬದಲಿಸಲೇಬೇಕಾದರೆ

ತಯಾರಾದ ತಿಂಗಳು ಕೇಳಿ, ಅಂಗಡಿಯಲ್ಲಿ ಆರು ತಿಂಗಳು ಕೂತದ್ದು ಬೇಡ. ಸೋಲಾರಿಗೆ ಸಿ10 ಎಂದು ಬರೆದ ಬ್ಯಾಟರಿ ತೆಗೆದುಕೊಳ್ಳಿ. 150 ಎಎಚ್ ಸಿ20 ಎಂದಿದ್ದರೆ ಅದು 20 ಗಂಟೆ ನಿಧಾನವಾಗಿ ಬಳಸಿದಾಗಿನ ಲೆಕ್ಕ, ಸಿ10 ಆದರೆ ಹತ್ತು ಗಂಟೆಯಲ್ಲೇ ಅಷ್ಟು ಕೊಡುತ್ತದೆ. ಹಳೆಯದನ್ನು ಅಂಗಡಿಗೇ ಕೊಟ್ಟು ಎಕ್ಸ್‌ಚೇಂಜ್ ಹಣ ಕಳೆಯಿಸಿಕೊಳ್ಳಿ. 24 ವೋಲ್ಟ್ ಇನ್ವರ್ಟರ್ ಇದ್ದವರು ಎರಡರಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿತಾಯ ಮಾಡಲು ಹೋಗಬೇಡಿ. ಹಳೆಯದು ಬೇಗ ತುಂಬಿ ಬೇಗ ಇಳಿಯುತ್ತದೆ, ಅದರ ಜೊತೆ ಹೊಸದೂ ಅರ್ಧ ಚಾರ್ಜಿನಲ್ಲೇ ಉಳಿದು ಕೆಡುತ್ತದೆ. ಹಾಕಿದರೆ ಎರಡೂ ಒಟ್ಟಿಗೆ, ಒಂದೇ ಕಂಪನಿ, ಒಂದೇ ಎಎಚ್.