ದ್ವಿತೀಯ ಭಾಷೆಯಾಗಿ ಕನ್ನಡ ಕಲಿಯುವವರ ಬರಹವನ್ನು ನಾನು ತಿದ್ದುವ ರೀತಿ

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡವನ್ನು ದ್ವಿತೀಯ ಭಾಷೆಯಾಗಿ ಕಲಿಸುತ್ತಿರುವ ನಾನು ಮಕ್ಕಳ ಪ್ರಬಂಧಗಳಲ್ಲಿ ಕಾಣುವ ತಪ್ಪುಗಳು ಹೆಚ್ಚಾಗಿ ಅಜಾಗರೂಕತೆಯಿಂದ ಹುಟ್ಟಿದವಲ್ಲ. ಅವುಗಳ ಹಿಂದೆ ಮನೆಮಾತಿನ ವ್ಯಾಕರಣ ಕೆಲಸ ಮಾಡುತ್ತಿರುತ್ತದೆ. ತೆಲುಗಿನಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಏಕವಚನದಲ್ಲಿ ಒಂದೇ ಕ್ರಿಯಾರೂಪವಿರುವುದರಿಂದ ಆ ಮನೆಯ ಹುಡುಗ ‘ಅಕ್ಕ ಊರಿನಿಂದ ಬಂತು’ ಎಂದು ಬರೆಯುತ್ತಾನೆ. ಮಲಯಾಳದ ಕ್ರಿಯಾಪದ ಲಿಂಗ, ವಚನ, ಪುರುಷಗಳನ್ನು ಅನುಸರಿಸಿ ಬದಲಾಗುವುದಿಲ್ಲವಾದ್ದರಿಂದ ‘ಅವನು ನಿನ್ನೆ ಬಂದು’ ಎಂಬಲ್ಲಿಗೇ ವಾಕ್ಯ ಮುಗಿಯುತ್ತದೆ. ಕನ್ನಡಿಗ ಓದುಗ ಮಾತ್ರ ಬಂದು ಏನು ಮಾಡಿದನೆಂದು ಕಾಯುತ್ತಾನೆ. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ, ಹಾಗಾಗಿ ‘ಬಸ್ಸು ತಡವಾಗಿ ಬಂದಳು’. ಎ–ಏ, ಒ–ಓ ಎಂಬ ಹ್ರಸ್ವ-ದೀರ್ಘ ಭೇದ ಹಿಂದಿಯ ಅಕ್ಷರಮಾಲೆಯಲ್ಲಿ ಇಲ್ಲದ ಕಾರಣ ರೈತರ ಬೆಳೆ ಬೇಳೆಯಾಗುತ್ತದೆ. ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರವಿರುವುದರಿಂದ ಗಿಡ ಕಿಡವಾಗುತ್ತದೆ.

ಆದ್ದರಿಂದ ಮೊದಲ ಓದಿನಲ್ಲಿ ನಾನು ಲೇಖನಿ ಹಿಡಿಯುವುದಿಲ್ಲ. ಈ ವಿದ್ಯಾರ್ಥಿಯ ಬರಹದಲ್ಲಿ ಮತ್ತೆ ಮತ್ತೆ ಬರುವ ತಪ್ಪು ಯಾವುದು, ಅರ್ಥವನ್ನು ಕೆಡಿಸುತ್ತಿರುವುದು ಯಾವುದು ಎಂಬುದನ್ನು ಗುರುತಿಸಿಕೊಂಡು, ಎರಡನೆಯ ಓದಿನಲ್ಲಿ ಒಂದೆರಡು ಬಗೆಯ ತಪ್ಪುಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ. ನಿಯಮದಿಂದ ವಿವರಿಸಬಹುದಾದಲ್ಲಿ ಸರಿಯಾದ ರೂಪವನ್ನು ಬರೆದುಕೊಡದೆ, ಪದದ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಸಂಕೇತವೊಂದನ್ನು ಹಾಕುತ್ತೇನೆ: ಕರ್ತೃ-ಕ್ರಿಯೆಗಳ ಹೊಂದಾಣಿಕೆಗೆ ‘ಹೊಂ’, ಹ್ರಸ್ವ-ದೀರ್ಘಕ್ಕೆ ‘ದೀ’, ವಿಭಕ್ತಿಗೆ ‘ವಿ’. ‘ಬಂದಳು’ ಎಂಬುದರ ಪಕ್ಕದಲ್ಲಿ ‘ಹೊಂ’ ಕಂಡ ಹುಡುಗಿ ಕರ್ತೃ ಯಾವುದೆಂದು ಹಿಂದಕ್ಕೆ ಹೋಗಿ ಹುಡುಕಬೇಕಾಗುತ್ತದೆ, ಮತ್ತು ಆ ಹುಡುಕಾಟವೇ ನನಗೆ ಬೇಕಾಗಿರುವುದು.

ನುಡಿಗಟ್ಟಿನ ವಿಷಯ ಬೇರೆ. ಹಿಂದಿಯ ಬಳಕೆಯನ್ನು ಅನುಸರಿಸಿ ‘ಫೋಟೊ ಎಳೆದೆ’ ಎಂದು ಬರೆದವನಿಗೆ ಗೆರೆ ಎಳೆದುಕೊಟ್ಟರೆ ಅವನು ಎಷ್ಟು ಯೋಚಿಸಿದರೂ ‘ತೆಗೆದೆ’ ಎಂಬುದು ಹೊಳೆಯಲಾರದು; ಅಲ್ಲಿ ಸರಿಯಾದ ರೂಪವನ್ನು ನಾನೇ ಬರೆದುಕೊಡುತ್ತೇನೆ.

ದ್ವಿತೀಯ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣದ ತಿದ್ದುಪಡಿ ನಿಷ್ಪ್ರಯೋಜಕ, ಅದನ್ನು ಕೈಬಿಡಬೇಕು ಎಂದು 1996ರಲ್ಲಿ ಭಾಷಾಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ ವಾದಿಸಿದರು. 1999ರಲ್ಲಿ ಅದಕ್ಕೆ ಉತ್ತರಿಸಿದ ಅದೇ ಕ್ಷೇತ್ರದ ಸಂಶೋಧಕಿ ಡೇನಾ ಫೆರಿಸ್ ಅವರು, ನಿಯಮದಿಂದ ಸರಿಪಡಿಸಬಲ್ಲ ತಪ್ಪುಗಳನ್ನು ಹಾಗಲ್ಲದವುಗಳಿಂದ ಬೇರ್ಪಡಿಸಿ ನೋಡಬೇಕೆಂದರು. ನನ್ನ ತರಗತಿಯ ಅನುಭವ ಫೆರಿಸ್ ಅವರ ಕಡೆಗಿದೆ. ಆದರೂ ಎಲ್ಲವನ್ನೂ ಕೆಂಪುಶಾಯಿಯಲ್ಲಿ ತಿದ್ದಿಕೊಟ್ಟ ಪುಟವನ್ನು ವಿದ್ಯಾರ್ಥಿ ಅಂಕ ನೋಡಿ ಮಡಚಿಡುತ್ತಾನೆ ಎಂಬುದು ಟ್ರಸ್ಕಾಟ್ ಅವರ ಸಂಶಯಕ್ಕೂ ಬಲ ಕೊಡುತ್ತದೆ.

ಈ ಕಾರಣಕ್ಕಾಗಿ ಮರುಬರಹವಾಗುವ ತನಕ ನಾನು ಅಂಕ ಕೊಡುವುದಿಲ್ಲ, ಮತ್ತು ಮರುಬರಹವನ್ನು ಮನೆಗೆ ಕಳುಹಿಸದೆ ತರಗತಿಯಲ್ಲಿಯೇ ಮಾಡಿಸುತ್ತೇನೆ. ಆ ಹೊತ್ತಿನಲ್ಲಿ ಬೆಂಚುಗಳ ನಡುವೆ ಓಡಾಡುತ್ತ, ‘ಬಸ್ಸು’ ಅವಳೋ ಅದೋ ಎಂದು ಕೇಳಿದರೆ ಹೆಚ್ಚಿನವರು ತಾವೇ ‘ಬಂತು’ ಎಂದು ತಿದ್ದಿಕೊಳ್ಳುತ್ತಾರೆ. ಬೀದಿಯಲ್ಲಿ ಕನ್ನಡ ಕಲಿತ ಮಕ್ಕಳು ಬರೆಯುವ ‘ಬರ್ತೀನಿ’, ‘ಹೋಗ್ಬೇಕು’ಗಳನ್ನು ತಪ್ಪೆಂದು ಎಣಿಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ, ಅದು ಅವರು ಗಳಿಸಿದ ಜೀವಂತ ಕನ್ನಡ. ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರದಲ್ಲಿ ಮಾತ್ರ ‘ಬರುತ್ತೇನೆ’ ಇರಲಿ ಎನ್ನುತ್ತೇನೆ. ಪುಟದ ಕೊನೆಯ ಟಿಪ್ಪಣಿಯನ್ನು ಯಾವಾಗಲೂ ಬರಹದ ವಿಷಯಕ್ಕಾಗಿ ಮೀಸಲಿಡುತ್ತೇನೆ: ಅಜ್ಜಿಯ ಊರಿನ ಬಾವಿಯ ಬಗ್ಗೆ ಬರೆದವಳಿಗೆ ಆ ಬಾವಿಯಲ್ಲಿ ಈಗಲೂ ನೀರಿದೆಯೇ ಎಂದು ಕೇಳಿ, ಉತ್ತರವನ್ನು ಮುಂದಿನ ಕರಡಿನಲ್ಲಿ ಸೇರಿಸಲು ಹೇಳುತ್ತೇನೆ.