33ಕೆ ಎಂದು ತೋರಿಸಿದ ಬಿಬಿಸಿ ಮೈಕ್ರೊ: ಮೆಮೊರಿ ಮತ್ತು ಡಿಸ್ಕ್ ದುರಸ್ತಿಯ ನನ್ನ ಅನುಭವ

ಹದಿನಾರು ಮೆಮೊರಿ ಚಿಪ್‌ಗಳನ್ನೂ ಕಿತ್ತು ಹೊಸದನ್ನು ಹಾಕದ ಹೊರತು ಈ ಯಂತ್ರ ಸರಿಹೋಗುವುದಿಲ್ಲ ಎಂದು ಬಲ್ಲವರೆಲ್ಲರೂ ಹೇಳಿದ್ದರು. ನಾನು ಬದಲಿಸಿದ್ದು ಒಂದೇ ಚಿಪ್. ಅದಾಗಿ ಏಳೆಂಟು ತಿಂಗಳು ಕಳೆದಿವೆ, ದಿನವೂ ಒಂದೆರಡು ಗಂಟೆ ನಡೆಸುತ್ತಿದ್ದೇನೆ, ಒಮ್ಮೆಯೂ ತಪ್ಪಿಲ್ಲ. ಹಾಗಾಗಿ ಈಗ ಬರೆಯಬಹುದು.

ಯಂತ್ರ ಬಿಬಿಸಿ ಮೈಕ್ರೊ ಮಾಡೆಲ್ ಬಿ, ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರ್. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದ ಮಾದರಿ ಇದೇ. ಗುಜರಿಗೆ ಹೊರಟಿದ್ದುದನ್ನು ಫ್ಲಾಪಿ ಡ್ರೈವ್ ಸಮೇತ ಸುಮಾರು ನಾಲ್ಕು ಸಾವಿರ ರೂಪಾಯಿಗೆ ಕೊಂಡೆ.

ತಣ್ಣಗಿರುವಾಗ ಎಲ್ಲವೂ ಸರಿಯಿರುತ್ತಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ದೊಡ್ಡ ಪ್ರೋಗ್ರಾಂ ಲೋಡ್ ಮಾಡಿದರೆ ‘ಬ್ಯಾಡ್ ಪ್ರೋಗ್ರಾಂ’ ಎನ್ನುತ್ತಿತ್ತು. ಆಗಾಗ ‘ಡಿಸ್ಕ್ ಫಾಲ್ಟ್ 18’ (ಸೆಕ್ಟರ್ ಸಿಗಲಿಲ್ಲ), ‘0ಇ’ (ಓದಿದ್ದು ತಾಳೆಯಾಗಲಿಲ್ಲ) ಕೂಡ ಬರುತ್ತಿದ್ದವು. ಡ್ರೈವೇ ಹಾಳಾಗಿದೆ, ಬೇರೆ ಡ್ರೈವ್ ತರಿಸಿ ಎಂಬ ಸಲಹೆ ಬಂತು. ವಿದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಹದಿನೈದು ಸಾವಿರ ದಾಟುತ್ತಿತ್ತು. ನಾನು ಒಪ್ಪಲಿಲ್ಲ. ಡ್ರೈವ್ ನಿಯಂತ್ರಿಸುವ 8271 ಚಿಪ್, ಓದಿದ್ದು ಸರಿಯೇ ಎಂದು ನೋಡುವ ಸಿಆರ್‌ಸಿ ಲೆಕ್ಕವನ್ನು ಫ್ಲಾಪಿಯಿಂದ ಬರುವ ಬಿಟ್‌ಗಳ ಮೇಲೆಯೇ ಮಾಡುತ್ತದೆ. ಆಮೇಲೆ ಆ ಬೈಟ್‌ಗಳು ಮೆಮೊರಿಯಲ್ಲಿ ಕೆಟ್ಟರೆ ಅದಕ್ಕೆ ತಿಳಿಯುವುದೇ ಇಲ್ಲ. ಡಿಸ್ಕ್ ದೋಷದ ಸಂದೇಶವಿಲ್ಲದೆ ಲೋಡ್ ಆದ ಪ್ರೋಗ್ರಾಂ ಕೆಟ್ಟಿದ್ದರೆ ತಪ್ಪು ಮೆಮೊರಿಯದು. ‘0ಇ’ ಬಂದರೆ ತಪ್ಪು ಡ್ರೈವಿನದು ಅಥವಾ ಫ್ಲಾಪಿಯದು. ಅಂದರೆ ಇಲ್ಲಿ ಇದ್ದದ್ದು ಎರಡು ಬೇರೆ ರೋಗಗಳು. ಜೊತೆಗೆ, ಡಿಎಫ್‌ಎಸ್ (ಡಿಸ್ಕ್ ನಡೆಸುವ ತಂತ್ರಾಂಶ) ಇರುವಾಗ ಪ್ರೋಗ್ರಾಂ ಮೆಮೊರಿಯ ಹೆಕ್ಸ್ 1900 (ಹದಿನಾರರ ಲೆಕ್ಕದ ಸಂಖ್ಯೆ) ವಿಳಾಸದಿಂದ ಆರಂಭವಾಗುವುದರಿಂದ, 9.75ಕೆ (ಕಿಲೋಬೈಟ್) ಒಳಗಿನವು 32ಕೆ ಮೆಮೊರಿಯ ಎರಡು ಅರ್ಧಗಳಲ್ಲಿ ಕೆಳಗಿನ 16ಕೆ ಬ್ಯಾಂಕಿನಲ್ಲೇ ಮುಗಿಯುತ್ತವೆ, ಮತ್ತು ಅಷ್ಟು ಚಿಕ್ಕವು ಬಿಸಿಯಲ್ಲೂ ಸರಿಯಾಗಿಯೇ ಲೋಡ್ ಆಗುತ್ತಿದ್ದವು; ಹಾಗಾಗಿ ಸಂಶಯ ಮೇಲಿನ ಬ್ಯಾಂಕಿನ ಮೇಲೆ ಬಿತ್ತು.

ಚೆನ್ನಾಗಿ ಬಿಸಿಯಾದ ಮೇಲೆ ಯಂತ್ರವನ್ನು ಹೊಸದಾಗಿ ಆರಂಭಿಸಲು ಕಂಟ್ರೋಲ್ ಹಿಡಿದು ಬ್ರೇಕ್ ಒತ್ತಿದಾಗ ಪರದೆ ತಾನೇ ಉತ್ತರ ಹೇಳಿತು. ಖಾಲಿ ಜಾಗದ ತುಂಬ ಆಶ್ಚರ್ಯಸೂಚಕ ಚಿಹ್ನೆಗಳು, ‘ಬಿಬಿಸಿ’ ಇರಬೇಕಾದಲ್ಲಿ ‘ಸಿಸಿಸಿ’, 32ಕೆ ಬದಲು 33ಕೆ! ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿ ಬಲ್ಲವರಿಗೆ ಇಷ್ಟು ಸಾಕು: ಬಿಟ್ 0 (ಬೈಟಿನ ಕೊನೆಯ ಬಿಟ್) ಯಾವಾಗಲೂ 1 ಆಗಿಯೇ ಸಿಕ್ಕಿಕೊಂಡಿದೆ. ಆನ್ ಮಾಡಿದಾಗ ಬರುವ ಮೋಡ್ 7 ಎಂಬ ಪಠ್ಯದ ಪರದೆ ಇರುವುದು ಮೇಲಿನ ಬ್ಯಾಂಕಿನಲ್ಲಿ, ಒಂದೊಂದು ಚಿಪ್‌ಗೂ ಒಂದೊಂದೇ ಬಿಟ್; ಹಾಗಾಗಿ ಕೆಟ್ಟಿರುವುದು ಅಲ್ಲಿನ ಒಂದೇ ಚಿಪ್. ಆದರೂ ಖಾತ್ರಿಯಿಲ್ಲದೆ ಬೆಸುಗೆ ಕಡ್ಡಿ ಹಿಡಿಯಬಾರದೆಂದು ಚುಕ್ಕೆಗಳ ಪರದೆಯಾದ ಮೋಡ್ 0ಕ್ಕೆ ಹೋದೆ. ಅಲ್ಲಿ ಬೇಸಿಕ್ ಭಾಷೆ ಬಳಸುವ ಮೆಮೊರಿ ಪೂರ್ತಿಯಾಗಿ ಹೆಕ್ಸ್ 3000ದ ಕೆಳಗೆ ಉಳಿಯುವುದರಿಂದ ಯಂತ್ರಕ್ಕೆ ಬುದ್ಧಿ ನೆಟ್ಟಗಿರುತ್ತದೆ. ಪರದೆಯ ಮೇಲಿನ ಸುಮಾರು ಆರು ಸಾಲು ಕೆಳ ಬ್ಯಾಂಕಿನವು, ಉಳಿದದ್ದೆಲ್ಲ ಮೇಲಿನದು. ನಿರೀಕ್ಷಿಸಿದಂತೆಯೇ ಆರು ಸಾಲು ಶುಭ್ರವಾಗಿದ್ದು, ಅದರ ಕೆಳಗೆ ಎಂಟು ಚುಕ್ಕೆಗೊಂದರಂತೆ ಬಿಳಿ ಗೆರೆಗಳು ಇಳಿದಿದ್ದವು. ಹೊಸ ಅಕ್ಷರ ರೂಪಿಸುವ ವಿಡಿಯು 23 ಆದೇಶದಿಂದ ಎಂಟೂ ಅಡ್ಡಸಾಲುಗಳಲ್ಲಿ ಬಿಟ್ 0 ಮಾತ್ರ 1 ಇರುವ ಅಕ್ಷರವೊಂದನ್ನು ಮಾಡಿ ಮೇಲಿನ ಶುಭ್ರ ಭಾಗದಲ್ಲಿ ಮುದ್ರಿಸಿದೆ; ಅದರ ಗೆರೆ ಕೆಳಗಿನ ದೋಷದ ಗೆರೆಗೆ ಸರಿಯಾಗಿ ಕೂಡಿತು. ಆಸಿಲೋಸ್ಕೋಪ್ ಬೇಕೇ ಬೇಕು ಎಂದವರಿಗೆ ಇದರ ಚಿತ್ರ ಕಳಿಸಿದ್ದೇನೆ.

ಒಳ್ಳೆಯ ಚಿಪ್ ಒಂದನ್ನು ಕೆಟ್ಟದ್ದರ ಬೆನ್ನ ಮೇಲೆ ಕೂರಿಸುವ ಹಳೆಯ ಪ್ರಯೋಗವನ್ನೂ ಮಾಡಿ ನೋಡಿದೆ. 1ರಲ್ಲೇ ಸಿಕ್ಕಿಕೊಂಡ ಔಟ್‌ಪುಟ್ ಇನ್ನೊಂದರ ಮಾತು ಕೇಳದು, ಫಲ ಸಿಗಲಿಲ್ಲ. ಮೂಲದ 4816 ಚಿಪ್‌ಗೆ ಹೊರಗೆ ಹೇಳಿದ ಬೆಲೆ ಅತಿಯಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದರ ಬದಲಿಗೆ 4164 ಎಂಬ ದೊಡ್ಡ ಮೆಮೊರಿ ಚಿಪ್ ಒಂದಕ್ಕೆ ಎಪ್ಪತ್ತು ರೂಪಾಯಿಯಂತೆ ಸಿಕ್ಕಿತು. 4816ರಲ್ಲಿ ಒಂಬತ್ತನೆಯ ಪಿನ್ ಖಾಲಿ, 4164ರಲ್ಲಿ ಅದು ವಿಳಾಸದ ಗೆರೆ. ಆ ಪಿನ್ನನ್ನು ಮೇಲಕ್ಕೆ ಬಗ್ಗಿಸಿ, ಎದುರಿಗೇ ಇರುವ ಎಂಟನೆಯ ಪಿನ್ನಿಗೆ, ಅಂದರೆ ಐದು ವೋಲ್ಟ್‌ಗೆ, ತುಂಡು ತಂತಿಯಿಂದ ಸೇರಿಸಿದರೆ ಕೆಲಸ ಮುಗಿಯಿತು. ಆದರೆ ಯಾವ 4164 ಆದರೂ ನಡೆಯುವುದಿಲ್ಲ. ಇಲ್ಲಿ ಮೆಮೊರಿಯನ್ನು ಸೆಕೆಂಡಿಗೆ 40 ಲಕ್ಷ ಬಾರಿ ಮುಟ್ಟಲಾಗುತ್ತದೆ, ಅರ್ಧ 6502 ಪ್ರೊಸೆಸರಿಗಾಗಿ, ಅರ್ಧ ಪರದೆಗಾಗಿ. ಒಂದು ಸರದಿಗೆ 250 ನ್ಯಾನೊಸೆಕೆಂಡ್ ಮಾತ್ರ. ಕುತೂಹಲಕ್ಕೆ ‘15’ (ಓದಲು 150 ನ್ಯಾನೊಸೆಕೆಂಡ್, ಪೂರ್ತಿ ಸರದಿಗೆ ಇನ್ನೂ ಹೆಚ್ಚು) ಗುರುತಿನದನ್ನು ಹಾಕಿದಾಗ ಪರದೆಯಲ್ಲಿ ಚುಕ್ಕೆಗಳು ಮಿನುಗಿದವು. ‘12’ರದ್ದು ಹಾಕಿದ ಮೇಲೆ ನಿಂತವು. ಬೋರ್ಡಿನ ತಾಮ್ರದ ಟ್ರ್ಯಾಕ್ ಏಳದಂತೆ ಹಳೆಯ ಚಿಪ್ ತೆಗೆಯಲು ನನ್ನದೇ ಒಂದು ಉಪಾಯವಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಡ್ರೈವ್ ಇನ್ನೂ ಹೆಚ್ಚು ಸತಾಯಿಸಿತು. ಬೆಲ್ಟ್ ಸಡಿಲಗೊಂಡು ವೇಗ ನಿಮಿಷಕ್ಕೆ 300 ಸುತ್ತಿಗಿಂತ ಕಡಿಮೆಯಾಗಿತ್ತು, ‘18’ ಬರುತ್ತಿದ್ದುದು ಅದರಿಂದ. ಚಕ್ರದ ಮೇಲಿನ 50 ಹರ್ಟ್ಸ್ ಗೆರೆಗಳು ವೇಗ ಸರಿಯಾದಾಗ ನಿಂತಂತೆ ಕಾಣಲು ಮಿನುಗುವ ಬೆಳಕು, ಅಂದರೆ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಬೇಕು. ನಮ್ಮ ಮನೆಯ ಎಲ್‌ಇಡಿ ಬೆಳಕಿನಲ್ಲಿ ಏನೂ ಕಾಣಲಿಲ್ಲ, ಪಕ್ಕದ ಮನೆಯ ದನದ ಕೊಟ್ಟಿಗೆಯಲ್ಲಿ ಡ್ರೈವ್ ಇಟ್ಟು ವೇಗ ಸರಿಪಡಿಸಿದೆ. ‘0ಇ’ಗೆ ಕಾರಣ ಬೂಷ್ಟು. ಮಳೆಗಾಲ ಕಂಡ ಫ್ಲಾಪಿಯೊಂದನ್ನು ಹಾಕಿದರೆ ಹೆಡ್ ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಆದ್ದರಿಂದ ಪ್ರತಿ ಫ್ಲಾಪಿಯ ನಂತರವೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಹೆಡ್ ಒರೆಸಿದೆ. ತೀರಾ ಕೆಟ್ಟವುಗಳ ಹೊದಿಕೆ ಕತ್ತರಿಸಿ ಒಳಗಿನ ತಟ್ಟೆಯನ್ನು ಪಾತ್ರೆ ಸೋಪು, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಬೇರೆ ಹೊದಿಕೆಗೆ ಹಾಕಿದೆ.

ಚಿಪ್, ಬೆಲ್ಟ್, ಆಲ್ಕೊಹಾಲ್, ಬಸ್ಸಿನ ಖರ್ಚು ಎಲ್ಲ ಸೇರಿ ಎಂಟುನೂರು ರೂಪಾಯಿ ಮೀರಿಲ್ಲ. ನಲವತ್ತರಷ್ಟು ಫ್ಲಾಪಿಗಳಲ್ಲಿ ಮೂವತ್ತು ಓದಿವೆ. ಉಳಿದ ಬಹುತೇಕವುಗಳಲ್ಲಿ ಸವೆದಿರುವುದು ಕೆಟಲಾಗ್ (ಕಡತಗಳ ಪಟ್ಟಿ) ಇರುವ ಮೊದಲ ಎರಡು ಸೆಕ್ಟರ್ ಮಾತ್ರ; ಅವುಗಳ ನಂತರ ಇರುವ ಕಡತಗಳನ್ನು ಸೆಕ್ಟರ್ ಲೆಕ್ಕದಲ್ಲಿ ಎತ್ತುತ್ತಿದ್ದೇನೆ.